ಕಡಲೆ ಹೊಲದ ಮೇಲೆ ಕಂಡ ಹ್ಯಾರಿಯರ್ ಯಾವುದು? ಪ್ಯಾಲಿಡ್, ಮಾಂಟಾಗು, ಹೆನ್

ಎರೆಹೊಲ

ಗದಗ ಜಿಲ್ಲಾ, ರೋಣದ ಕಡೆ ಕಡಲಿ ಹೊಲದ ಮ್ಯಾಲೆ ನಿನ್ನೆ ಮುಂಜಾನೆ 7:40ಕ್ಕ ಸಿಕ್ಕ ಹ್ಯಾರಿಯರ್ (ಹದ್ದಿನಂಥ ಬೇಟೆಹಕ್ಕಿ) ಇದು. ಮೂರು ಫೋಟೊ ಹಾಕೇನಿ. ಮೊದಲನೇದು ಬೆನ್ನ ಕಡೆಯಿಂದ: ಕಂದು ಮೈ, ಬಾಲದ ಬುಡದಾಗ ಬಿಳಿ. ಎರಡನೇದು ಪಕ್ಕದಿಂದ, ಹೊಟ್ಟಿ ಇಟ್ಟಂಗಿ ಬಣ್ಣ, ಗೀರು ಇಲ್ಲ. ಮೂರನೇದು ಕೆಳಗಿಂದ, ಆಕಾಶದ ಎದುರು ತಗದದ್ದು, ಸ್ವಲ್ಪ ಕಪ್ಪಾಗೇತಿ. ದೂರ ಅಂದಾಜು 60 ಮೀಟರ್, ಲೆನ್ಸ್ 400 ಎಂ.ಎಂ. ಹೊಲದ ಮ್ಯಾಲೆ ಆಳೆತ್ತರದಾಗ ಎರಡು ನಿಮಿಷ ಅತ್ತಿತ್ತ ಹಾರಿ ಜ್ವಾಳದ ಕಡೆ ಹೋತು. ಆ್ಯಪ್‌ನಾಗ ಹಾಕಿದ್ರ ಮೊದಲ ಹೆಸರು ‘ಹೆನ್ ಹ್ಯಾರಿಯರ್’ ಅಂತ ಬಂತು. ನಮ್ಮ ಕಡೆ ಅದು ಬರತೈತೇನ್ರಿ?

ಗರಿಲೆಕ್ಕ

ಮೊದಲು ಹೆನ್ ಅನ್ನು ಹೊರಗೆ ಕಳಿಸೋಣ, ಉಳಿದದ್ದು ಆಮೇಲೆ. ಹೆನ್ ಹ್ಯಾರಿಯರ್ ಚಳಿಗಾಲದಲ್ಲಿ ಹಿಮಾಲಯ, ಅದರ ತಪ್ಪಲು, ಉತ್ತರದ ಬಯಲಿನಲ್ಲಿ ಇರುವ ಹಕ್ಕಿ. ಕರ್ನಾಟಕದಲ್ಲಿ ಕಂಡಿತು ಅಂದರೆ ಬಲವಾದ ಪುರಾವೆ ಬೇಕು. ಆ್ಯಪ್‌ಗೆ ಬಾಲದ ಬುಡದ ಬಿಳಿ ಕಂಡಿರಬೇಕು. ಆದರೆ ಆ ಬಿಳಿ ಹೆನ್, ಪ್ಯಾಲಿಡ್, ಮಾಂಟಾಗು ಮೂರರಲ್ಲೂ ಹೆಣ್ಣಿಗೂ ಎಳೆಹಕ್ಕಿಗೂ ಇರುತ್ತದೆ. ಅದರಿಂದ ಏನೂ ತೀರ್ಮಾನವಾಗಲ್ಲ.

ನಿಮ್ಮ ಮೂರನೇ ಫೋಟೊದಲ್ಲಿ ಎಡ ರೆಕ್ಕೆಯ ತುದಿ ನೋಡಿ. ಬಿಡಿಬಿಡಿಯಾಗಿ ನಿಂತ ಬೆರಳುಗರಿ ನಾಲ್ಕು. ಪ್ಯಾಲಿಡ್, ಮಾಂಟಾಗು ಎರಡಕ್ಕೂ ನಾಲ್ಕೇ. ಹೆನ್‌ಗೆ ಐದು, ಹಾಗಾಗಿ ಅದರ ರೆಕ್ಕೆಯ ತುದಿ ಅಗಲವಾಗಿ, ಮೊಂಡಾಗಿ ಕಾಣುತ್ತದೆ. ಇನ್ನೊಂದು ಮಾತು: ಹೆನ್‌ನ ಎಳೆಹಕ್ಕಿಗೂ ಹೆಣ್ಣಿಗೂ ಎದೆ ಹೊಟ್ಟೆಯ ಮೇಲೆ ಉದ್ದುದ್ದ ಗೀರು ಇರುತ್ತವೆ. ನಿಮ್ಮದರಲ್ಲಿ ಹೊಟ್ಟೆ ನುಣ್ಣಗೆ ಒಂದೇ ಬಣ್ಣ.

ಬೆರಳು ಎಣಿಸುವಾಗ ಜನ ಎಡವುವುದು ಎರಡು ಕಡೆ. ಹಕ್ಕಿ ರೆಕ್ಕೆ ಅರ್ಧ ಮಡಚಿ ಜಾರುವಾಗ ಒಂದು ಬೆರಳು ಪಕ್ಕದ ಗರಿಯ ಹಿಂದೆ ಅಡಗುತ್ತದೆ, ಆಗ ಐದು ಇದ್ದದ್ದು ನಾಲ್ಕಾಗುತ್ತದೆ. ರೆಕ್ಕೆ ಪೂರ್ತಿ ಚಾಚಿ ಕೆಳಕ್ಕೆ ಬಡಿಯುವ ಫ್ರೇಮ್ ಹುಡುಕಿ ಅಲ್ಲಿ ಎಣಿಸಬೇಕು. ಎರಡನೆಯದು ಗರಿ ಉದುರಿದ ಹಕ್ಕಿ. ಬೆಳೆದ ಹ್ಯಾರಿಯರ್‌ಗಳಲ್ಲಿ ಚಳಿಗಾಲದ ಶುರುವಿನಲ್ಲಿ ಹೊರಗಿನ ಗರಿ ಇನ್ನೂ ಪೂರ್ತಿ ಬೆಳೆಯದೆ ಇರಬಹುದು. ಎಳೆಹಕ್ಕಿಗೆ ಮೊದಲ ಚಳಿಗಾಲದಲ್ಲಿ ಈ ತೊಂದರೆ ಇಲ್ಲ, ಹಾರುವ ಗರಿಗಳೆಲ್ಲ ಒಂದೇ ವಯಸ್ಸಿನವು, ಅಂಚು ಸಮನಾಗಿರುತ್ತದೆ. ನಿಮ್ಮ ಹಕ್ಕಿಯ ರೆಕ್ಕೆಯ ಹಿಂದಂಚು ಹಾಗೇ ಇದೆ. ಅದೂ ಹೊಟ್ಟೆಯ ಬಣ್ಣವೂ ಸೇರಿ ಇದು ಎಳೆಹಕ್ಕಿ ಅನ್ನಬಹುದು.

ಕೆರೆಕೋಡಿ

ಜೌಗು ಸೆಳೆವ, ಅಂದ್ರೆ ಮಾರ್ಷ್ ಹ್ಯಾರಿಯರ್ ಆಗಿರಬಾರದಾ? ಮೈಸೂರು ಸುತ್ತ ಕೆರೆಗಳಲ್ಲಿ ಕಾಣೋದು ಹೆಚ್ಚಾಗಿ ಅದೇ.

ಗರಿಲೆಕ್ಕ

ಇಲ್ಲ ಸರ್. ಅದು ದಪ್ಪ ಹಕ್ಕಿ, ಅಗಲ ರೆಕ್ಕೆ, ಬೆರಳು ಐದು. ಹೆಣ್ಣು, ಎಳೆಹಕ್ಕಿ ಕಡು ಚಾಕೊಲೇಟ್ ಬಣ್ಣ, ತಲೆ ಕೆನೆಬಣ್ಣ, ಬಾಲದ ಬುಡದಲ್ಲಿ ಈ ಥರ ಅಚ್ಚ ಬಿಳಿ ಇರಲ್ಲ. ಆಪು, ಜೊಂಡು ಇರುವ ಕೆರೆ ಬಿಟ್ಟು ಒಣ ಕಡಲೆ ಹೊಲಕ್ಕೂ ಅದು ಬರುತ್ತೆ, ಹಾಗಾಗಿ ಜಾಗ ನೋಡಿ ಹೆಸರು ಹೇಳೋಕಾಗಲ್ಲ.

ಹುಲ್ಲುಬಯಲು

ಉಳಿದದ್ದು ಪ್ಯಾಲಿಡ್ಡೋ ಮಾಂಟಾಗುವೋ ಅನ್ನೋದು. ಎರಡನೇ ಫೋಟೊ ದೊಡ್ಡದು ಮಾಡಿ, ಮುಖ ಮಾತ್ರ ನೋಡಿ. ಮೈ ಬಣ್ಣ ಸದ್ಯಕ್ಕೆ ಮರೆತುಬಿಡಿ.

ಪ್ಯಾಲಿಡ್ ಎಳೆಹಕ್ಕಿಯ ಮುಖದಲ್ಲಿ ಕಣ್ಣಿಂದ ಹಿಂದಕ್ಕೆ ಹೋದರೆ ನಾಲ್ಕು ಪದರ ಸಿಗುತ್ತವೆ. ಕಣ್ಣಿನ ಮೇಲೆ ಕೆಳಗೆ ಸಣ್ಣ ಬಿಳಿ ಗುರುತು. ಅದರ ಹಿಂದೆ ಕಡುಕಂದು ಕೆನ್ನೆ. ಈ ಕಡುಬಣ್ಣ ಕಣ್ಣಿನ ಕೆಳಗೆ ಮುಂದಕ್ಕೆ ಚಾಚಿ ಕೊಕ್ಕಿನ ಬುಡದವರೆಗೆ ಹೋಗುತ್ತದೆ. ಕೆನ್ನೆಯ ಹಿಂದೆ ತಿಳಿಬಣ್ಣದ ಕತ್ತುಪಟ್ಟಿ, ಅದರ ಮೇಲೆ ಗೀರು ಇರುವುದಿಲ್ಲ, ಗಂಟಲಿನ ಕೆಳಗೂ ಸುತ್ತಿಕೊಂಡು ಬರುತ್ತದೆ. ಪಟ್ಟಿಯ ಹಿಂದೆ ಕುತ್ತಿಗೆಯ ಪಕ್ಕದಲ್ಲಿ ಮತ್ತೆ ಕಡುಕಂದು, ಮಫ್ಲರ್ ಸುತ್ತಿದ ಹಾಗೆ. ಆ ಹಿಂದಿನ ಕಡುಬಣ್ಣ ಇರುವುದರಿಂದಲೇ ಮುಂದಿನ ತಿಳಿಪಟ್ಟಿ ಅಷ್ಟು ಎದ್ದು ಕಾಣುವುದು.

ಮಾಂಟಾಗು ಎಳೆಹಕ್ಕಿಯಲ್ಲಿ ಕಣ್ಣಿನ ಸುತ್ತ ಬಿಳಿ ಜಾಸ್ತಿ. ಕಡು ಗುರುತು ಕಿವಿಯ ಜಾಗದಲ್ಲಿ ಅರ್ಧಚಂದ್ರದಷ್ಟೇ ಇರುತ್ತದೆ, ಕೊಕ್ಕಿನ ಬುಡ ಮುಟ್ಟುವುದಿಲ್ಲ. ಕತ್ತುಪಟ್ಟಿ ಇಲ್ಲ, ಇದ್ದರೂ ಮಸುಕು. ಕುತ್ತಿಗೆಯ ಪಕ್ಕ ಹೊಟ್ಟೆಯ ಬಣ್ಣದ ಹತ್ತಿರಕ್ಕೇ ಇರುತ್ತದೆ.

ಎರೆಹೊಲ ಅವರ ಹಕ್ಕಿಯಲ್ಲಿ ಪಟ್ಟಿ ಇದೆ, ಹಿಂದಿನ ಕಡುಬಣ್ಣವೂ ಇದೆ. ನನ್ನ ಮತ ಪ್ಯಾಲಿಡ್.

ಕಡಲಕರೆ

ಅಷ್ಟು ಬೇಗ ಬೇಡ ಮಾರಾಯ್ರೆ. ಮಾಂಟಾಗು ಎಳೆಹಕ್ಕಿಯಲ್ಲೂ ಕುತ್ತಿಗೆ ತಿಳಿಯಾಗಿ ಕಾಣುವುದು ಉಂಟು, ಮುಖ್ಯವಾಗಿ ಸೂರ್ಯ ಎದುರಿಗೆ ಇದ್ದಾಗ. ತಲೆ ನಮ್ಮ ಕಡೆ ತಿರುಗಿಸಿದರೆ ಕತ್ತಿನ ಗರಿ ಮಡಚಿಕೊಂಡು ಇಲ್ಲದ ಪಟ್ಟಿಯೂ ಬರುತ್ತದೆ. ಈ ಫೋಟೊದಲ್ಲಿ ಹಕ್ಕಿ ಕೆಳಗೆ ನೋಡುತ್ತಾ ಉಂಟು, ಕತ್ತು ಬಾಗಿದೆ. ಮೈಯೂ ಸಪೂರ ಕಾಣುತ್ತದೆ, ರೆಕ್ಕೆ ಉದ್ದ, ಬೀಸು ಹಗುರ. ಅದು ಮಾಂಟಾಗುವಿನ ಚಹರೆ. ನಾನಾದರೆ ಕೆಳರೆಕ್ಕೆ ನೋಡದೆ ಹೆಸರು ಬರೆಯುವುದಿಲ್ಲ.

ಹುಲ್ಲುಬಯಲು

ಚಹರೆಯ ಮಾತು ಒಪ್ಪಲ್ಲ. ಎರಡೂ ಜಾತಿ ಪಕ್ಕಪಕ್ಕ ಹಾರಿದರೆ ಪ್ಯಾಲಿಡ್ ಸ್ವಲ್ಪ ಗಟ್ಟಿಮೈ ಅಂತ ಗೊತ್ತಾಗುತ್ತದೆ. ಒಂಟಿ ಹಕ್ಕಿಯಲ್ಲಿ ಅದು ನಂಬುವ ಲಕ್ಷಣ ಅಲ್ಲ. ಎರಡರದ್ದೂ ರೆಕ್ಕೆಯಗಲ ಒಂದು ಮೀಟರಿನ ಆಸುಪಾಸು. ಗಾಳಿ ಜೋರಿದ್ದ ದಿನ ಪ್ಯಾಲಿಡ್ ಕೂಡ ಹಗುರವಾಗೇ ತೇಲುತ್ತದೆ. ಎಳೆ ಗಂಡು ಪ್ಯಾಲಿಡ್ ಬೇರೆ ಸಣ್ಣದಿರುತ್ತದೆ. ಕೆಳರೆಕ್ಕೆ ನೋಡಬೇಕು ಅನ್ನೋದು ಮಾತ್ರ ಸರಿ.

ಗರಿಲೆಕ್ಕ

ಹಾಗಿದ್ರೆ ಕೆಳರೆಕ್ಕೆ. ಎಳೆಹಕ್ಕಿಗೆ ಮಾತ್ರ ಅನ್ವಯಿಸುವುದನ್ನು ಹೇಳ್ತೀನಿ.

ಬೆರಳುಗರಿಗಳ ತುದಿ, ಮತ್ತು ರೆಕ್ಕೆಯ ಹೊರಭಾಗದ ಹಿಂದಂಚು ನೋಡಬೇಕಾದ ಜಾಗ. ಮಾಂಟಾಗುವಿನಲ್ಲಿ ಬೆರಳುಗಳು ತುದಿಯಲ್ಲಿ ಕಪ್ಪಾಗಿರುತ್ತವೆ, ಹಿಂದಂಚಿನ ಉದ್ದಕ್ಕೂ ಕಪ್ಪು ಗೆರೆ ಹೋಗುತ್ತದೆ. ಪ್ಯಾಲಿಡ್‌ನಲ್ಲಿ ಆ ಜಾಗ ತಿಳಿ. ಬೆರಳುಗಳ ಮೇಲೂ ಅಡ್ಡಪಟ್ಟೆಗಳೇ ಮುಂದುವರಿಯುತ್ತವೆ, ಹಿಂದಂಚು ಬೂದು ಮಸುಕು. ಜೊತೆಗೆ ರೆಕ್ಕೆಯ ಹೊರಭಾಗದ ಗರಿಗಳ ಬುಡದಲ್ಲಿ ಪಟ್ಟೆ ಇಲ್ಲದ ತಿಳಿ ಜಾಗ ಬಾಗಿದ ಗೆರೆಯಾಗಿ ಕಾಣುವುದು ಪ್ಯಾಲಿಡ್‌ನಲ್ಲಿ ಹೆಚ್ಚು.

ಮೂರನೇ ಫೋಟೊ ಕಪ್ಪಾಗಿರುವುದರಿಂದ ‘ಕಪ್ಪು ಬೆರಳು’ ಅನ್ನೋದಕ್ಕೆ ಅರ್ಥವೇ ಇಲ್ಲ, ಎಲ್ಲವೂ ಕಪ್ಪೇ. ಅದೇ ಸರಣಿಯ ಉಳಿದ ಫ್ರೇಮ್‌ಗಳಿದ್ರೆ ಹಾಕಿ. ಚೆನ್ನಾಗಿಲ್ಲ ಅಂತ ಬಿಟ್ಟದ್ದೂ ಬೇಕು. ತಲೆ ಕತ್ತರಿಸಿಹೋದ, ಫೋಕಸ್ ಸ್ವಲ್ಪ ತಪ್ಪಿದ ಫ್ರೇಮ್‌ನಲ್ಲೂ ಹಿಂದಂಚು ಚೆನ್ನಾಗಿ ಬಂದಿರಬಹುದು.

ಎರೆಹೊಲ

ಆರು ಫ್ರೇಮ್ ಹಾಕೇನ್ರಿ. ಎಲ್ಲಾ ರಾ ಫೈಲ್‌ನಿಂದ ನೆರಳು ಭಾಗ ಎತ್ತಿ ತಗದದ್ದು, ಬ್ಯಾರೆ ಏನೂ ಮಾಡಿಲ್ಲ. ನಾಲ್ಕನೇದರಾಗ ಹಕ್ಕಿ ತಿರುಗೇತಿ, ಕೆಳರೆಕ್ಕಿ ಮ್ಯಾಲೆ ಬಿಸಿಲು ಬಿದ್ದೈತಿ.

ಕಡಲಕರೆ

ನಾಲ್ಕನೆಯದು ಸಾಕು. ಬೆರಳಿನ ತುದಿಯವರೆಗೂ ಪಟ್ಟೆ, ಹಿಂದಂಚಿನಲ್ಲಿ ಕಪ್ಪು ಗೆರೆ ಇಲ್ಲ, ಬುಡದಲ್ಲಿ ತಿಳಿ ಬಾಗು ಉಂಟು. ಐದನೆಯದರಲ್ಲಿ ಕತ್ತು ನೇರ ಇದೆ, ಪಟ್ಟಿ ಆಗಲೂ ಹಾಗೇ ಇದೆ. ಪ್ಯಾಲಿಡ್ ಎಳೆಹಕ್ಕಿ. ಒಪ್ಪಿದೆ.

ಕೆರೆಕೋಡಿ

ಗಂಡೋ ಹೆಣ್ಣೋ ಹೇಳಬಹುದಾ?

ಗರಿಲೆಕ್ಕ

ಕಣ್ಣಿನ ಬಣ್ಣ ಸರಿಯಾಗಿ ಕಂಡರೆ ಅಂದಾಜು ಮಾಡಬಹುದು. ಎಳೆ ಹೆಣ್ಣಿನ ಕಣ್ಣು ಕಡುಕಂದಾಗೇ ಬಹಳ ಕಾಲ ಉಳಿಯುತ್ತೆ, ಗಂಡಿನದು ಬೇಗ ತಿಳಿಯಾಗಿ ಹಳದಿಗೆ ತಿರುಗುತ್ತೆ. 60 ಮೀಟರಿಂದ 400 ಎಂ.ಎಂ.ನಲ್ಲಿ ಕಣ್ಣು ಅಂದರೆ ಬರೀ ಒಂದು ಚುಕ್ಕೆ. ಬಿಡೋದೇ ಒಳ್ಳೇದು.

ಮಂಗಟ್ಟೆ_ಶಿರಸಿ

ಫೋಟೊ ವಿಷಯಕ್ಕೆ ಒಂದೆರಡು ಮಾತು, ಈ ಸರ್ತಿ ಅದೇ ತೊಂದರೆ ಕೊಟ್ಟದ್ದು.

ಎರೆಮಣ್ಣಿನ ಮೇಲೆ ತಗ್ಗಿನಲ್ಲಿ ಹಾರುವ ಹಕ್ಕಿಗೆ ಕ್ಯಾಮೆರಾ ಕಪ್ಪು ಹಿನ್ನೆಲೆ ಅಳೆದು ಬೆಳಕು ಹೆಚ್ಚಿಸುತ್ತದೆ, ಹಕ್ಕಿ ಬೆಳ್ಳಗೆ ಸುಟ್ಟುಹೋಗುತ್ತದೆ. ಕತ್ತುಪಟ್ಟಿ, ಕಣ್ಣಿನ ಸುತ್ತಿನ ಬಿಳಿ ಎಲ್ಲ ಒಂದಾಗಿಬಿಡುತ್ತದೆ. ಅಲ್ಲಿ ಎಕ್ಸ್‌ಪೋಶರ್ ಕಾಂಪೆನ್ಸೇಶನ್ −0.7 ಇಡಿ. ಅದೇ ಹಕ್ಕಿ ಮೇಲೆದ್ದು ಆಕಾಶದ ಎದುರು ಬಂದ ಕೂಡಲೆ +1ರಿಂದ +1.3 ಬೇಕು. ಎರಡಕ್ಕೂ ಓಡಾಡಲು ಆಗದಿದ್ದರೆ ಮ್ಯಾನುಯಲ್ ಇಟ್ಟು, ಬಿಸಿಲು ಬಿದ್ದ ಒಣಹುಲ್ಲಿನ ಮೇಲೆ ಅಳೆದು, ಅಲ್ಲೇ ಬಿಟ್ಟುಬಿಡುವುದು ಸುಲಭ. ಶಟರ್ 1/2000 ಇದ್ದರೆ ಬೆರಳುಗರಿ ನಿಲ್ಲುತ್ತದೆ, 1/800ಕ್ಕೆ ಇಳಿದರೆ ರೆಕ್ಕೆಯ ತುದಿ ಅಳಿಸಿಹೋಗಿ ಎಣಿಸಲು ಬರುವುದಿಲ್ಲ. ಐಎಸ್ಒ ಏರಿದರೆ ಏರಲಿ, ಕಾಳು ಕಾಳಾದ ಫೋಟೊದಲ್ಲೂ ಪಟ್ಟೆ ಕಾಣುತ್ತದೆ.

ನಡು ಮಧ್ಯಾಹ್ನ ಕೆಳಗಿಂದ ತೆಗೆದರೆ ಬೆಳಕು ಗರಿಯೊಳಗೆ ಹಾದುಬಂದು ಪಟ್ಟೆಗಳೇ ಮಾಯ. ಸಂಜೆ ಐದರ ಮೇಲೆ ಎಲ್ಲ ಹ್ಯಾರಿಯರೂ ಕೆಂಪೇ. ಹಾಗಾಗಿ ‘ಹೊಟ್ಟೆ ತುಂಬಾ ಕೆಂಪಿತ್ತು’ ಅನ್ನುವುದಕ್ಕೆ ಬೆಲೆ ಕಡಿಮೆ.

ದಯಮಾಡಿ ಕೃತಕ ಬುದ್ಧಿಮತ್ತೆಯ ನಾಯ್ಸ್ ತೆಗೆಯುವ ತಂತ್ರಾಂಶ, ಶಾರ್ಪ್ ಮಾಡುವ ತಂತ್ರಾಂಶ ಬಳಸಬೇಡಿ, ಕನಿಷ್ಠ ಗುರುತಿಸಲು ಹಾಕುವ ಫೋಟೊಕ್ಕೆ. ಅವು ಗರಿಯ ಅಂಚನ್ನು ತಾವೇ ಬರೆದುಬಿಡುತ್ತವೆ, ಇಲ್ಲದ ಗೀರು ಹುಟ್ಟುತ್ತದೆ, ಇದ್ದ ಪಟ್ಟೆ ನುಣ್ಣಗಾಗುತ್ತದೆ. ಕೆಲವು ಮೊಬೈಲಿನ ಜೂಮ್ ಕೂಡ ಇದನ್ನೇ ಮಾಡುತ್ತದೆ. ಕ್ಯಾಮೆರಾದ ಹಿಂದಿನ ಪರದೆಯನ್ನು ಮೊಬೈಲಿನಲ್ಲಿ ತೆಗೆದು ಹಾಕಿದರೂ ಅದಕ್ಕಿಂತ ವಾಸಿ.

ಕೆರೆಕೋಡಿ

ಬೆಳೆದ ಹಕ್ಕಿಗಳಿಗೆ ಲಕ್ಷಣ ಬೇರೆ ಅಂದ್ರಲ್ಲ, ಅದನ್ನೂ ಹೇಳಿಬಿಡಿ ಮೇಡಂ.

ಹುಲ್ಲುಬಯಲು

ಗಂಡು ಸುಲಭ. ಪ್ಯಾಲಿಡ್ ಗಂಡು ಬಹಳ ತಿಳಿ ಬೂದು, ದೂರಕ್ಕೆ ಬಿಳಿಯೇ, ರೆಕ್ಕೆಯ ತುದಿಯಲ್ಲಿ ಸಣ್ಣ ಕಪ್ಪು ಬೆಣೆ. ಮಾಂಟಾಗು ಗಂಡು ಅದಕ್ಕಿಂತ ಕಡು ಬೂದು, ತುದಿಯ ಕಪ್ಪು ದೊಡ್ಡದು, ಮೇಲ್ರೆಕ್ಕೆಯ ನಡುವೆ ಒಂದು ಕಪ್ಪು ಗೆರೆ, ಹೊಟ್ಟೆಯ ಮೇಲೆ ಕೆಂಗಂದು ಗೀರು. ಆ ಕಪ್ಪು ಗೆರೆ ಒಂದು ಕಂಡರೆ ಉಳಿದದ್ದು ನೋಡೋದೇ ಬೇಡ. ಹೊಸಬರು ಪ್ಯಾಲಿಡ್ ಗಂಡನ್ನು ರಾಮದಾಸ ಹದ್ದು (ಬ್ಲ್ಯಾಕ್ ವಿಂಗ್ಡ್ ಕೈಟ್) ಅಂದುಕೊಳ್ಳೋದು ಮಾಮೂಲಿ. ರಾಮದಾಸ ಹದ್ದಿಗೆ ಭುಜದ ಮೇಲೆ ಕಪ್ಪು ಮಚ್ಚೆ, ಗಿಡ್ಡ ಬಾಲ, ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುತ್ತೆ, ವೈರಿನ ಮೇಲೂ ಕೂರುತ್ತೆ. ಹ್ಯಾರಿಯರ್ ಹಾಗೆ ಆಗಸದಲ್ಲಿ ಬಹಳ ಹೊತ್ತು ನಿಲ್ಲಲ್ಲ, ಕೂತರೆ ಹೆಚ್ಚಾಗಿ ನೆಲದ ಮೇಲೆ, ಹೆಂಟೆಯ ಮೇಲೆ.

ಹೆಣ್ಣು ಕಷ್ಟ. ಕೆಳರೆಕ್ಕೆಯ ಒಳಭಾಗ, ಮೈಗೆ ಹತ್ತಿರದ ಗರಿಗಳು ಸಿಗಬೇಕು. ಮಾಂಟಾಗು ಹೆಣ್ಣಿನಲ್ಲಿ ಅಲ್ಲಿ ಕಪ್ಪು ಪಟ್ಟೆಗಳು ಸ್ಪಷ್ಟ, ನಡುವಿನ ತಿಳಿಪಟ್ಟೆ ಮೈವರೆಗೂ ಅಷ್ಟೇ ತಿಳಿಯಾಗಿ ಬರುತ್ತದೆ, ಕಂಕುಳಲ್ಲಿ ಕೆಂಗಂದು ಅಡ್ಡಪಟ್ಟೆ ದಪ್ಪಗೆ ಕಾಣುತ್ತದೆ. ಮೇಲ್ರೆಕ್ಕೆಯಲ್ಲೂ ಒಂದು ಕಡು ಗೆರೆ ಇರುತ್ತದೆ. ಪ್ಯಾಲಿಡ್ ಹೆಣ್ಣಿನಲ್ಲಿ ತಿಳಿಪಟ್ಟೆಗಳು ಮೈಗೆ ಹತ್ತಿರವಾದಂತೆ ಕಿರಿದಾಗಿ ಮಬ್ಬಾಗುತ್ತವೆ. ಒಟ್ಟಾರೆ ಒಳರೆಕ್ಕೆ ಕಪ್ಪು, ಹೊರರೆಕ್ಕೆ ತಿಳಿ ಅನ್ನೋ ಭಾವ ಬರುತ್ತದೆ. ಕಂಕುಳು ಕಂದು, ಮೇಲೆ ತಿಳಿ ಚುಕ್ಕೆ.

ಫೆಬ್ರವರಿ ಮಾರ್ಚಿಗೆ ಎಳೆಹಕ್ಕಿಯ ಇಟ್ಟಿಗೆ ಬಣ್ಣ ಬಿಸಿಲಿಗೆ ಬಿಳಿಚಿ ಗೋಧಿಬಣ್ಣ ಆಗಿರುತ್ತದೆ. ಎಳೆ ಗಂಡಿನಲ್ಲಿ ಅಲ್ಲಲ್ಲಿ ಬೂದು ಗರಿ ಹುಟ್ಟಿರುತ್ತವೆ. ಆಗ ಹೊಟ್ಟೆಯ ಬಣ್ಣ ನಂಬಿದರೆ ಎಳೆಹಕ್ಕಿಯನ್ನು ಹೆಣ್ಣು ಅಂತ ಬರೆದುಬಿಡ್ತೀವಿ. ಅಕ್ಟೋಬರ್‌ನಿಂದ ಜನವರಿ ಕೊನೆವರೆಗೆ ನೋಡಿ ಕಲಿಯೋದು ಸುಲಭ.

ಎರೆಹೊಲ

ಹಂಗಾರ ಇದನ್ನ ಹಕ್ಕಿ ದಾಖಲಿಸೋ ಜಾಲತಾಣ ಇಬರ್ಡ್‌ನಾಗ ಹೆಂಗ ಹಾಕ್ಲಿ? ಹಾಕಿದಾಗ ಕೆಂಪು ಗುರುತು ಬಂದು ವಿವರ ಕೇಳ್ತು.

ಪಟ್ಟಿಪರಿಶೀಲನೆ

ಆ ಗುರುತು ಬಂದರೆ ಗಾಬರಿ ಬೇಡ. ಪ್ರತಿ ಪ್ರದೇಶಕ್ಕೂ ತಿಂಗಳಿಗೆ ತಕ್ಕಂತೆ ಒಂದು ಸೋಸುಪಟ್ಟಿ ಇರುತ್ತದೆ. ಆ ಜಾತಿ ಅಲ್ಲಿ ಅಪರೂಪವಾಗಿದ್ದರೆ, ಅಥವಾ ನೀವು ಬರೆದ ಸಂಖ್ಯೆ ಪಟ್ಟಿಯ ಮಿತಿ ದಾಟಿದರೆ ವಿವರ ಕೇಳುತ್ತದೆ. ಆಮೇಲೆ ಆ ಪ್ರದೇಶದ ಸ್ವಯಂಸೇವಕರೊಬ್ಬರು ನೋಡುತ್ತಾರೆ. ಅವರು ಒಪ್ಪದಿದ್ದರೂ ನಿಮ್ಮ ಸ್ವಂತ ಪಟ್ಟಿಯಲ್ಲಿ ಅದು ಉಳಿಯುತ್ತದೆ, ಸಾರ್ವಜನಿಕ ನಕ್ಷೆಗೆ ಹೋಗುವುದಿಲ್ಲ.

‘ಚೆನ್ನಾಗಿ ನೋಡಿದೆ’, ‘ಫೋಟೊ ಇದೆ’, ‘ತಜ್ಞರು ಹೇಳಿದರು’ ಈ ಮೂರರಿಂದ ಪರಿಶೀಲಿಸುವವರಿಗೆ ಏನೂ ಸಿಗುವುದಿಲ್ಲ. ಬೇಕಾದದ್ದು ಕಂಡ ಲಕ್ಷಣ, ಮತ್ತು ಹತ್ತಿರದ ಜಾತಿ ಯಾಕೆ ಅಲ್ಲ ಅನ್ನೋದು. ನಿಮ್ಮ ಹಕ್ಕಿಗೆ ಹೀಗೆ ಬರೆಯಬಹುದು:

“ಒಂದು ಎಳೆಹಕ್ಕಿ. ಬೆಳಿಗ್ಗೆ 7:40, ಎರಡು ನಿಮಿಷ, ಅಂದಾಜು 60 ಮೀಟರ್, ಸೂರ್ಯ ಹಿಂದಿನಿಂದ. ಹೊಟ್ಟೆ ಗೀರಿಲ್ಲದ ಇಟ್ಟಿಗೆ ಬಣ್ಣ, ಬೆರಳುಗರಿ ನಾಲ್ಕು (ಹೆನ್ ಅಲ್ಲ). ಗೀರಿಲ್ಲದ ತಿಳಿ ಕತ್ತುಪಟ್ಟಿ, ಅದರ ಹಿಂದೆ ಕಡುಕಂದು. ಕೆನ್ನೆಯ ಕಡುಬಣ್ಣ ಕೊಕ್ಕಿನ ಬುಡದವರೆಗೆ. ಬೆರಳುಗಳ ತುದಿವರೆಗೆ ಪಟ್ಟೆ, ಹಿಂದಂಚಿನಲ್ಲಿ ಕಪ್ಪು ಗೆರೆ ಇಲ್ಲ (ಮಾಂಟಾಗು ಅಲ್ಲ). ಕಣ್ಣಿನ ಬಣ್ಣ ಕಾಣಲಿಲ್ಲ.”

ಕೊನೆಯ ವಾಕ್ಯ ಬಿಡಬೇಡಿ. ಕಾಣದ್ದನ್ನು ಕಾಣಲಿಲ್ಲ ಅಂತ ಬರೆದ ಟಿಪ್ಪಣಿಯನ್ನು ನಾನು ಹೆಚ್ಚು ನಂಬುತ್ತೇನೆ. ಸೂರ್ಯ ಯಾವ ಕಡೆ ಇದ್ದ ಅನ್ನೋದು ನಾನು ಊಹಿಸಿ ಬರೆದದ್ದು, ನೀವು ತಿದ್ದಿಕೊಳ್ಳಿ. ಪುಸ್ತಕ, ಆ್ಯಪ್ ತೆರೆಯುವ ಮೊದಲೇ ಗೀಚಿಕೊಳ್ಳಬೇಕು. ಚಿತ್ರ ನೋಡಿದ ಮೇಲೆ ಬರೆದರೆ ಚಿತ್ರದ ಹಕ್ಕಿಯನ್ನೇ ಬರೆಯುತ್ತೀರಿ.

ಕ್ಯಾಮೆರಾ ಗಡಿಯಾರ ಒಮ್ಮೆ ನೋಡಿಕೊಳ್ಳಿ. ಬೆಳಿಗ್ಗೆ, ಸಂಜೆ ಅದಲುಬದಲಾಗಿ ರಾತ್ರಿ 7:40ಕ್ಕೆ ಹ್ಯಾರಿಯರ್ ಹಾರುವ ಪಟ್ಟಿಗಳು ಬರುತ್ತಲೇ ಇರುತ್ತವೆ. ಜಾಗದ ಗುರುತನ್ನು ರೋಣ ಪೇಟೆಯ ಮೇಲೆ ಇಡಬೇಡಿ, ನೀವು ನಡೆದ ದಾರಿಯ ಮೇಲೆ ಇಡಿ. ಇಡೀ ದಿನದ ಐದಾರು ಊರಿನ ಹಕ್ಕಿಗಳನ್ನು ಒಂದೇ ಪಟ್ಟಿಗೆ ಸುರಿದರೆ ಯಾವ ಹಕ್ಕಿ ಎಲ್ಲಿ ಕಂಡಿತು ಅನ್ನೋದೇ ಹೋಯಿತು.

ಕೆಳರೆಕ್ಕೆಯ ಫ್ರೇಮ್ ಸಿಗದಿದ್ದರೆ ‘ಹ್ಯಾರಿಯರ್ ಎಸ್‌ಪಿ.’ (ಯಾವುದೋ ಒಂದು ಹ್ಯಾರಿಯರ್) ಅಂತ ಹಾಕುವುದು ಪೂರ್ತಿ ಸರಿ. ತಪ್ಪು ಹೆಸರಿನ ದಾಖಲೆಗಿಂತ ಜಾತಿ ಹೇಳದ ದಾಖಲೆ ಎಷ್ಟೋ ಉಪಯೋಗ. ಪ್ಯಾಲಿಡ್ ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ಅಪಾಯದ ಅಂಚಿಗೆ ಬಂದ ಜಾತಿ, ಮಾಂಟಾಗು ಅಷ್ಟು ಆತಂಕವಿಲ್ಲದ್ದು. ಎರಡನ್ನೂ ಕಲಸಿದರೆ ಎಣಿಕೆ ಎರಡು ಕಡೆಯೂ ಕೆಡುತ್ತದೆ.

ಎರೆಹೊಲ

ಸೂರ್ಯ ಬಲಕ್ಕಿದ್ದ, ತಿದ್ದತೀನ್ರಿ. ಇನ್ನೊಂದು. ಅದ ಹೊಲದಿಂದ ಒಂದೂವರೆ ಕಿಲೋಮೀಟರ್ ಆಚೆ ಬೀಳು ಹುಲ್ಲುಗಾವಲಿನಾಗ ಸಂಜಿಕ್ಕ ಹ್ಯಾರಿಯರ್ ಇಳಿಯಾಕತ್ತಾವ. ಹನ್ನೊಂದು ಹಕ್ಕಿ ಎಣಿಸೇನಿ, ಆಮ್ಯಾಲೆ ಕತ್ತಲಾತು. ಅದರಾಗ ಒಂದು ಮಾತ್ರ ಬ್ಯಾರೆ: ತಲಿ ದೊಡ್ಡದು, ಕತ್ತು ಇಲ್ಲದಂಗ, ರೆಕ್ಕಿ ಬಡಿಯೋದೂ ಬ್ಯಾರೆ. ಬಾಲದ ಬುಡದಾಗ ಬಿಳಿ ಇರಲಿಲ್ಲ.

ಹುಲ್ಲುಬಯಲು

ಅದು ಶಾರ್ಟ್ ಇಯರ್ಡ್ ಔಲ್ ಇರಬೇಕು, ಗಿಡ್ಡಕಿವಿ ಗೂಬೆ. ಚಳಿಗಾಲಕ್ಕೆ ಬರುವ ಗೂಬೆ, ಹುಲ್ಲಿನ ನೆಲದ ಮೇಲೇ ಮಲಗುತ್ತೆ. ಹ್ಯಾರಿಯರ್ ಇಳಿಯುವ ಹೊತ್ತಿಗೇ ಇದು ಏಳುತ್ತೆ, ಹಾಗಾಗಿ ಎರಡೂ ಒಟ್ಟಿಗೆ ಕಾಣುತ್ತವೆ. ಮತ್ತೆ ಸಿಕ್ಕರೆ ಕೆಳರೆಕ್ಕೆಯ ಮಣಿಕಟ್ಟಿನ ಹತ್ತಿರ ಕಪ್ಪು ಮಚ್ಚೆ, ಮೇಲ್ರೆಕ್ಕೆಯ ಹೊರಭಾಗದ ಬುಡದಲ್ಲಿ ಹಳದಿಮಿಶ್ರಿತ ತಿಳಿ ಜಾಗ, ಎದೆಯ ಮೇಲ್ಭಾಗದಲ್ಲಿ ದಟ್ಟ ಗೀರು, ಕಪ್ಪು ಸುತ್ತಿನ ನಡುವೆ ಹಳದಿ ಕಣ್ಣು ನೋಡಿ. ಹ್ಯಾರಿಯರ್ ಜಾರುವಾಗ ರೆಕ್ಕೆ ಮೇಲಕ್ಕೆತ್ತಿ ಇಂಗ್ಲಿಷಿನ ವಿ ಆಕಾರದಲ್ಲಿ ಹಿಡಿಯುತ್ತೆ. ಅದು ಗೂಬೆಯಲ್ಲೂ ಸ್ವಲ್ಪ ಇರುತ್ತೆ, ಹಾಗಾಗಿ ತಲೆ ನೋಡಿ.

ಬೈಕ್‌ಬರ್ಡರ್

ಸೂಪರ್ ಅಣ್ಣ! ಲೊಕೇಶನ್ ಪಿನ್ ಹಾಕಿ, ಶನಿವಾರ ಹುಬ್ಬಳ್ಳಿಯಿಂದ ನಾವೊಂದು ಐದು ಜನ ಬರ್ತೀವಿ.

ಕಡಲಕರೆ

ಪಿನ್ ಬೇಡ. ಬೆಳಿಗ್ಗೆ ಬೇಟೆಯಾಡುವ ಹ್ಯಾರಿಯರಿನ ಜಾಗ ಹೇಳಿದರೆ ನಷ್ಟ ಇಲ್ಲ, ಅದು ದಿನಕ್ಕೆ ಹತ್ತಾರು ಕಿಲೋಮೀಟರ್ ಸುತ್ತುತ್ತದೆ. ರಾತ್ರಿ ತಂಗುವ ಜಾಗ ಹಾಗಲ್ಲ. ಒಂದು ಚಳಿಗಾಲ ಪೂರ್ತಿ ಅದೇ ಹುಲ್ಲು, ಮರುವರ್ಷವೂ ಅಲ್ಲಿಗೇ ಬರಬಹುದು. ಸಂಜೆ ಐದು ಜನ ಹುಲ್ಲಿನೊಳಗೆ ಇಳಿದರೆ ಹಕ್ಕಿ ಎದ್ದು ಕತ್ತಲಲ್ಲಿ ಬೇರೆ ಕಡೆ ಇಳಿಯಬೇಕು, ಅಲ್ಲಿ ನಾಯಿ, ನರಿ ಉಂಟು. ನಾವು ತುಳಿದು ಮಾಡಿದ ದಾರಿಯಲ್ಲೇ ನಾಯಿಗಳೂ ಒಳಗೆ ಹೋಗುತ್ತವೆ. ಗೂಬೆ ಇದೆ ಅಂತ ಹೊರಗೆ ಹೋದರೆ ಫ್ಲ್ಯಾಶ್ ಹಿಡಿದವರು, ಹಗಲಲ್ಲಿ ಎಬ್ಬಿಸಿ ಹಾರಿಸುವವರು ಸಾಲಾಗಿ ಬರುತ್ತಾರೆ.

ಬೈಕ್‌ಬರ್ಡರ್

ಎಲ್ಲರೂ ಹಾಗೆ ಇರಲ್ಲ ಸರ್. ಯಾರಿಗೂ ಹೇಳದಿದ್ರೆ ನಾಳೆ ಆ ಬೀಳುಭೂಮಿಗೆ ಸೋಲಾರ್ ಪ್ಲಾಂಟ್ ಬಂದಾಗ ಅಲ್ಲಿ ಹಕ್ಕಿ ಇತ್ತು ಅನ್ನೋದಕ್ಕೆ ದಾಖಲೆ ಎಲ್ಲಿಂದ ತರ್ತೀರಿ?

ಪಟ್ಟಿಪರಿಶೀಲನೆ

ಈ ಪ್ರಶ್ನೆ ಸರಿಯಾಗಿದೆ. ದಾಖಲಿಸುವುದು ಬೇರೆ, ಇವತ್ತೇ ಎಲ್ಲರಿಗೂ ಪಿನ್ ಕಳಿಸುವುದು ಬೇರೆ. ಇಬರ್ಡ್‌ನಲ್ಲಿ ಪಟ್ಟಿಯನ್ನು ಸಾರ್ವಜನಿಕರಿಗೆ ಕಾಣದಂತೆ ಮರೆಮಾಡುವ ಸೌಲಭ್ಯ ಇದೆ. ಎಣಿಕೆ, ನಿಖರ ಜಾಗ, ಸಮಯ ಎಲ್ಲ ಹಾಕಿ ಮರೆಮಾಡಿ, ಹಕ್ಕಿಗಳು ಏಪ್ರಿಲ್ ಹೊತ್ತಿಗೆ ಹೋದ ಮೇಲೆ ತೆರೆಯಿರಿ. ಜಾಲದವರೇ ಸೂಕ್ಷ್ಮ ಅಂತ ಗುರುತಿಸಿದ ಜಾತಿಗಳಿಗೆ ನಕ್ಷೆಯಲ್ಲಿ 20 ಕಿ.ಮೀ. ಚೌಕದವರೆಗೆ ಮಾತ್ರ ಕಾಣುತ್ತದೆ, ಹ್ಯಾರಿಯರ್‌ಗೆ ಅದನ್ನೇ ನಂಬಿ ಕೂರಬೇಡಿ, ನೀವೇ ಮರೆಮಾಡಬೇಕು. ವಾಟ್ಸ್ಆ್ಯಪ್‌ಗೆ ಹಾಕುವಾಗ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಜಿಪಿಎಸ್ ಮಾಹಿತಿಯೂ ಒಳಗೇ ಹೋಗುತ್ತದೆ, ಅದನ್ನು ತೆಗೆದು ಕಳಿಸಿ. ಹಿನ್ನೆಲೆಯಲ್ಲಿ ಗಾಳಿಯಂತ್ರದ ಕಂಬದ ನಂಬರ್ ಇದ್ದರೂ ಜಾಗ ಸಿಕ್ಕಿಬಿಡುತ್ತದೆ.

ಎರೆಭೂತದ (ಗ್ರೇಟ್ ಇಂಡಿಯನ್ ಬಸ್ಟರ್ಡ್) ವಿಷಯದಲ್ಲಿ ಸಿರುಗುಪ್ಪದ ಕಡೆಯವರು ನಿಖರ ಜಾಗ ಬಾಯಿಬಿಡದೆ ಇರುವುದೂ ಇದೇ ಕಾರಣಕ್ಕೆ.

ಹುಲ್ಲುಬಯಲು

ಬೈಕ್‌ಬರ್ಡರ್ ಅವರೇ, ಬರಬೇಡಿ ಅಂತ ಯಾರೂ ಹೇಳ್ತಿಲ್ಲ. ಬಂದರೆ ಹೀಗೆ ಮಾಡಿ. ಸೂರ್ಯ ಮುಳುಗೋಕೆ ಒಂದು ಗಂಟೆ ಮೊದಲೇ ಜಾಗದಲ್ಲಿರಿ, ತಡವಾಗಿ ಬಂದು ಇಳಿಯುವ ಹಕ್ಕಿಗಳ ನಡುವೆ ನಡೆಯಬೇಡಿ. ಬಂಡಿದಾರಿಯ ಮೇಲೇ, ಕನಿಷ್ಠ 250 ಮೀಟರ್ ದೂರದಲ್ಲಿ, ಪಡುವಣ ಬೆನ್ನಿಗೆ ಬರುವ ಹಾಗೆ ಕೂರಿ. 8×42 ದುರ್ಬೀನು ಸಾಕು. 10×50 ಕೈಯಲ್ಲಿ ನಡುಗುತ್ತೆ. ಸ್ಪಾಟಿಂಗ್ ಸ್ಕೋಪ್ ಇದ್ದರೆ 20×ನಲ್ಲಿಡಿ, 60×ಗೆ ಹೋದರೆ ಸಂಜೆ ಬೆಳಕಿನಲ್ಲಿ ಮಬ್ಬು ಬಿಟ್ಟು ಏನೂ ಕಾಣಲ್ಲ. ಒಬ್ಬರು ನೋಡಿ ಹೇಳಿ, ಒಬ್ಬರು ಬರೆಯಿರಿ: ಇಳಿದದ್ದು ಎಷ್ಟು, ಮತ್ತೆ ಎದ್ದದ್ದು ಎಷ್ಟು. ಎದ್ದದ್ದನ್ನು ಕಳೆಯದಿದ್ದರೆ ಹನ್ನೊಂದು ಇಪ್ಪತ್ತಾಗುತ್ತೆ. ಹ್ಯಾರಿಯರ್ ಇಳಿದು, ಎದ್ದು, ಒಂದು ಸುತ್ತು ಹಾಕಿ ಮತ್ತೆ ಇಳಿಯೋದು ಸಾಮಾನ್ಯ. ಸೂರ್ಯ ಮುಳುಗಿದ ಮೇಲೂ ಅರ್ಧ ಗಂಟೆ ಬರುತ್ತಲೇ ಇರುತ್ತವೆ. ವಾಪಸ್ ಹೋಗುವಾಗ ಬೈಕ್ ಹೆಡ್‌ಲೈಟ್ ಹುಲ್ಲಿನ ಕಡೆ ತಿರುಗಿಸಬೇಡಿ. ಹೊಲ ಯಾರದ್ದು ಅಂತ ಕೇಳಿ, ಹೇಳಿ ಹೋಗಿ. ಕಡಲೆ ತುಳಿದರೆ ರೈತರು ಬೈಯೋದು ನ್ಯಾಯ.

ಡ್ರೋನ್ ತರಬೇಡಿ. ಗೂಬೆಗೆ ಮೊಬೈಲಿನಿಂದ ಕೂಗು ಹಾಕಬೇಡಿ.

ಮಂಗಟ್ಟೆ_ಶಿರಸಿ

ತಂಗುವ ಜಾಗದಲ್ಲಿ ಅವು ಕಕ್ಕಿದ ಉಂಡೆ ಸಿಗುತ್ತವೆ, ಮಿಡತೆ ಕಾಲು, ಹಕ್ಕಿ ಗರಿ, ಇಲಿ ಕೂದಲು ಒಳಗೆ. ಮಾಂಟಾಗು ಮಿಡತೆ ಹೆಚ್ಚು ತಿನ್ನುತ್ತದೆ, ಪ್ಯಾಲಿಡ್ ಸಣ್ಣ ಹಕ್ಕಿಗಳ ಕಡೆ. ಆದರೆ ಉಂಡೆ ಹೆಕ್ಕುವುದು ಹಕ್ಕಿ ಪೂರ್ತಿ ಹೊರಟುಹೋದ ಮೇಲೆ. ಅರಣ್ಯ ಜಾಗವಾದರೆ ಇಲಾಖೆಯ ಅನುಮತಿ ಬೇಕು.

ಬೈಕ್‌ಬರ್ಡರ್

ಓಕೆ, ಐದು ಜನ ಬೇಡ, ಇಬ್ಬರು ಬರ್ತೀವಿ. ಎರೆಹೊಲ ಅಣ್ಣ, ಮೆಸೇಜ್ ಮಾಡ್ತೀನಿ. ಇದಕ್ಕೆ ಸಂಬಂಧ ಇಲ್ಲದ ಪ್ರಶ್ನೆ ಒಂದು: ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತಿನ ಕತ್ತಲ್ಲಿ ಪ್ಲಾಸ್ಟಿಕ್ ಪಟ್ಟಿ ನೋಡಿದ್ರೆ ಏನು ಬರ್ಕೊಬೇಕು?

ಗರಿಲೆಕ್ಕ

ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಅಕ್ಷರ ಮತ್ತು ಅಂಕೆ ಯಾವ ಕ್ರಮದಲ್ಲಿ, ಕೆಳಗಿಂದ ಮೇಲಕ್ಕೆ ಓದಿದಿರೋ ಮೇಲಿಂದ ಕೆಳಕ್ಕೋ. ಕಾಲಲ್ಲಿ ಬಳೆ ಇದ್ದರೆ ಹಕ್ಕಿಯ ಬಲಗಾಲೋ ಎಡಗಾಲೋ, ಮೊಣಕಾಲಿನ ಮೇಲೋ ಕೆಳಗೋ. ಎದುರಿಗೆ ನಿಂತ ಹಕ್ಕಿಯ ಬಲ ನಮ್ಮ ಎಡ, ಅಲ್ಲೇ ತಪ್ಪೋದು. ಒಂದು ಅಕ್ಷರ ಅನುಮಾನ ಇದ್ದರೆ ಪ್ರಶ್ನೆಚಿಹ್ನೆ ಹಾಕಿ, ಊಹಿಸಿ ತುಂಬಬೇಡಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡಿವೆ, ಹಾಗಾಗಿ ಒಂದೇ ಅಂಕೆ ತಪ್ಪಿದರೂ ಬೇರೆ ಹಕ್ಕಿಯ ಕತೆ ಆಗುತ್ತೆ. ವಿವರವನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ, ಭಾರತದಲ್ಲಿ ಬಳೆ ತೊಡಿಸುವ ಕೆಲಸ ಬಹುಕಾಲದಿಂದ ಮಾಡುತ್ತಿರುವವರು ಅವರೇ.

ಎರೆಹೊಲ

ವಿವರ ಹಾಕಿ ಸಲ್ಲಿಸೇನ್ರಿ, ಆರೂ ಫ್ರೇಮ್ ಸೇರಿಸೇನಿ. ಸಂಜಿ ಪಟ್ಟಿ ಬ್ಯಾರೆ ಮಾಡಿ ಮರೆಮಾಡೇನಿ. ಎದ್ದದ್ದನ್ನ ಕಳೆದ್ರ ಒಂಬತ್ತು ಉಳೀತು. ಹನ್ನೊಂದು ಅಂತ ಮ್ಯಾಲೆ ಬರೆದದ್ದನ್ನ ಒಂಬತ್ತು ಅಂತ ಓದಿಕೊಳ್ರಿ.